ನಿಮ್ಮೂರಿಗೆ ದೊಡ್ಡ ಕ್ರೀಡಾಕೂಟ ಬೇಕಾ? ಒಪ್ಪುವ ಮುಂಚೆ ಹೋಲಿಸಿ ನೋಡಬೇಕಾದ ಮೂರು ದಾರಿ

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿದೆ. 2025ರ ನವೆಂಬರಿನಲ್ಲಿ ಗ್ಲಾಸ್ಗೋದಲ್ಲಿ ನಡೆದ ಸಭೆಯಲ್ಲಿ ಅದು ಖಾಯಂ ಆಯಿತು. 2036ರ ಒಲಿಂಪಿಕ್ಸ್ ನಡೆಸಲು ನಮಗೆ ಆಸಕ್ತಿ ಇದೆ ಅಂತ ಭಾರತ 2024ರ ಅಕ್ಟೋಬರಿನಲ್ಲೇ ಪತ್ರ ಬರೆದಿದೆ. ಅಂದರೆ ಇನ್ನು ಹತ್ತು ವರ್ಷ ಈ ಮಾತು ನಿಲ್ಲುವುದಿಲ್ಲ. ಇವತ್ತು ಅಹಮದಾಬಾದ್, ನಾಳೆ ಇನ್ನೊಂದು ಊರು. ನಮ್ಮ ಊರಿಗೂ ಒಂದು ಪಾಲು ಕೊಡಿ ಅಂತ ನಮ್ಮವರೂ ಕೇಳದೆ ಇರುವುದಿಲ್ಲ.

ಇಂಥ ಸಮಯದಲ್ಲಿ ಚರ್ಚೆ ನಡೆಯುವುದು ಎರಡೇ ವಿಷಯಕ್ಕೆ: ಹೆಮ್ಮೆ ಮತ್ತು ದುಡ್ಡು. ಯಾರ ಮನೆ ಹೋಯಿತು, ಯಾರ ಕೂಲಿಗೆ ಕತ್ತರಿ ಬಿತ್ತು, ಯಾರ ಆರೋಗ್ಯ ಕೆಟ್ಟಿತು ಅನ್ನುವುದೆಲ್ಲ ಆಟ ಮುಗಿದು ವರ್ಷಗಳಾದ ಮೇಲೆ ಯಾವುದೋ ವರದಿಯ ಒಳಪುಟದಲ್ಲಿ ಸಿಗುತ್ತದೆ. ಈ ಮಾರ್ಗದರ್ಶಿಯಲ್ಲಿ ಅದನ್ನೇ ಮುಂದಕ್ಕೆ ತಂದಿದ್ದೇನೆ. ಒಂದು ಊರಿನ ಮುಂದೆ ಇರುವುದು ಮೂರು ದಾರಿ. ಎಲ್ಲ ಹೊಸದಾಗಿ ಕಟ್ಟಿ ಆಟ ನಡೆಸುವುದು, ಇರುವ ಮೈದಾನಗಳಲ್ಲೇ ನಡೆಸುವುದು, ಇಲ್ಲವೇ ಬೇಡ ಅನ್ನುವುದು.

ನನ್ನ ಒಲವು ಎರಡನೆಯದಕ್ಕೆ, ಅದೂ ಷರತ್ತಿನ ಮೇಲೆ. ಕಾರಣ ಇಷ್ಟೇ. ಈ ಕೂಟಗಳಲ್ಲಿ ಜನರಿಗಾಗುವ ಹಾನಿಯ ದೊಡ್ಡ ಪಾಲು ಆಟ ಶುರುವಾಗುವ ಮುಂಚೆಯೇ ಆಗಿ ಮುಗಿದಿರುತ್ತದೆ. ಮುಂದೂಡಲಾಗದ ತಾರೀಖು ಒಂದು ಕಡೆ, ಅಷ್ಟರೊಳಗೆ ಎದ್ದು ನಿಲ್ಲಬೇಕಾದ ಕಟ್ಟಡಗಳು ಇನ್ನೊಂದು ಕಡೆ. ಮದುವೆಗೆ ದಿನ ಗೊತ್ತಾದ ಮೇಲೆ ಮನೆಗೆ ಗಾರೆ ಶುರು ಮಾಡಿದರೆ ಮೇಸ್ತ್ರಿ ಕೇಳಿದ್ದೇ ರೇಟು, ಅಲ್ವಾ? ಊರಿನ ಮಟ್ಟದಲ್ಲಿ ಹಾಗಾದಾಗ ಆ ರೇಟು ಬರೀ ದುಡ್ಡಿನಲ್ಲಿ ಇರುವುದಿಲ್ಲ.

ಮೊದಲ ದಾರಿ: ಎಲ್ಲ ಹೊಸದಾಗಿ ಕಟ್ಟುವುದು

ಇದರ ಬೆಲೆ ತಿಳಿಯಲು ದೂರ ಹೋಗಬೇಕಿಲ್ಲ. ದಿಲ್ಲಿ ಎರಡು ಸಲ ಕೊಟ್ಟಿದೆ.

1982ರ ಏಷ್ಯನ್ ಗೇಮ್ಸ್‌ಗಾಗಿ ಕ್ರೀಡಾಂಗಣ, ಮೇಲ್ಸೇತುವೆ, ಕ್ರೀಡಾಗ್ರಾಮ ಎಲ್ಲ ಒಟ್ಟೊಟ್ಟಿಗೆ ಏಳಬೇಕಿತ್ತು. ಕಂಟ್ರಾಕ್ಟರುಗಳು ಜಮಾದಾರರ, ಅಂದರೆ ಆಳು ಒದಗಿಸುವ ದಲ್ಲಾಳಿಗಳ, ಮೂಲಕ ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾಗಳಿಂದ ಆಳುಗಳನ್ನು ಕರೆಸಿದರು. ಆಗಿನ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಅದರಲ್ಲಿ 1 ರೂಪಾಯಿ ಜಮಾದಾರನ ಕಮಿಷನ್. ಕೈಗೆ ಬರುತ್ತಿದ್ದದ್ದು 8 ರೂಪಾಯಿ 25 ಪೈಸೆ. ಹೆಂಗಸರಿಗೆ 7 ರೂಪಾಯಿ ಮಾತ್ರ ಅಂತ ದೂರಿತ್ತು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ಸಂಘಟನೆ ಇದನ್ನೆಲ್ಲ ಒಂದು ಪತ್ರದಲ್ಲಿ ಬರೆದು ಸುಪ್ರೀಂ ಕೋರ್ಟಿಗೆ ಕಳಿಸಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಆ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿಯ ಪ್ರಕಾರ ಬಲವಂತದ ದುಡಿಮೆ ಎಂದು ತೀರ್ಪು ಬಂತು. ಹದಿನಾಲ್ಕು ತುಂಬದ ಮಕ್ಕಳನ್ನು ಕಟ್ಟಡ ಕೆಲಸಕ್ಕೆ ಹಚ್ಚುವಂತಿಲ್ಲ ಎಂದೂ ಕೋರ್ಟು ಹೇಳಿತು. ಇವತ್ತಿಗೂ ಕಾನೂನು ಓದುವ ಹುಡುಗರು ಇದನ್ನು ಏಷಿಯಾಡ್ ಕಾರ್ಮಿಕರ ಕೇಸು ಅಂತಲೇ ಓದುತ್ತಾರೆ. ತೀರ್ಪು ಬಂದದ್ದು 1982ರ ಸೆಪ್ಟೆಂಬರಿನಲ್ಲಿ. ಆಟ ಶುರುವಾಗಿದ್ದು ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ಕಾಂಕ್ರೀಟು ಹಾಕಿ ಆಗಿತ್ತು.

ಇಪ್ಪತ್ತೆಂಟು ವರ್ಷ ಬಿಟ್ಟು ಅದೇ ಊರು, ಈ ಸಲ ಕಾಮನ್‌ವೆಲ್ತ್. ದಿಲ್ಲಿ ಹೈಕೋರ್ಟ್ ನೇಮಿಸಿದ ಸಮಿತಿ ಸೈಟುಗಳನ್ನು ಸುತ್ತಿ ನೋಡಿ 2010ರಲ್ಲಿ ವರದಿ ಕೊಟ್ಟಿತು. ಅದೇ ಕಡಿಮೆ ಕೂಲಿ, ಅದೇ ಸರಿಯಾದ ಶೌಚಾಲಯವಿಲ್ಲದ ಶೆಡ್ಡು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಅಂತ ಒಂದು ಇತ್ತು, ಸೆಸ್ಸೂ ಜಮೆಯಾಗುತ್ತಿತ್ತು. ಆದರೆ ಹೆಚ್ಚಿನವರ ಹೆಸರೇ ಅದರಲ್ಲಿ ನೋಂದಣಿ ಆಗಿರಲಿಲ್ಲ. ಹೆಸರಿಲ್ಲದಿದ್ದರೆ ಕೈಕಾಲು ಮುರಿದಾಗ ಪರಿಹಾರ ಎಲ್ಲಿಂದ ಬರಬೇಕು? ಉದ್ಘಾಟನೆಗೆ ಎರಡು ವಾರವೂ ಇಲ್ಲದಾಗ, ಸೆಪ್ಟೆಂಬರ್ 21ರಂದು, ಜವಾಹರಲಾಲ್ ನೆಹರೂ ಕ್ರೀಡಾಂಗಣದ ಪಕ್ಕದ ಪಾದಚಾರಿ ಸೇತುವೆ ಕುಸಿಯಿತು. ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರಿಗೆ ಗಾಯ.

ಮನೆಗಳ ಲೆಕ್ಕ ಇನ್ನೂ ಕಹಿ. ಕೂಟ ದಿಲ್ಲಿಗೆ ಸಿಕ್ಕಿದ್ದು 2003ರ ನವೆಂಬರಿನಲ್ಲಿ. 2004ರ ಮೊದಲ ತಿಂಗಳುಗಳಲ್ಲೇ ಯಮುನಾ ದಡದ ಪುಷ್ತಾ ಕೊಳೆಗೇರಿಗಳ ಮೇಲೆ ಬುಲ್ಡೋಜರ್ ಹೋಯಿತು. ಕ್ರೀಡಾಕೂಟ ಒಂದೇ ಕಾರಣ ಅನ್ನಲಾಗದು. ಕೋರ್ಟಿನ ಆದೇಶವೂ ಇತ್ತು, ನದಿ ದಡ ಚೆಂದ ಮಾಡುವ ಯೋಜನೆಯೂ ಇತ್ತು. ಆದರೆ ಅವಸರ ತಂದದ್ದು ಕೂಟವೇ. ಬದಲಿ ಜಾಗ ಸಿಕ್ಕವರನ್ನು ಊರಾಚೆಯ ಬವಾನಾ ಮುಂತಾದ ಕಡೆ ಸಾಗಿಸಿದರು. ಅಲ್ಲಿ ಕೊಟ್ಟ ನಿವೇಶನದ ಅಳತೆ 18 ಚದರ ಮೀಟರ್, ತಡವಾಗಿ ಬಂದು ನೆಲೆಸಿದವರಿಗೆ 12.5 ಚದರ ಮೀಟರ್. ಹನ್ನೆರಡೂವರೆ ಅಂದರೆ ಸುಮಾರು 135 ಚದರಡಿ. ನಮ್ಮಲ್ಲಿ ಚಿಕ್ಕದು ಅನ್ನುವ 20x30 ಸೈಟಿನ ಕಾಲು ಭಾಗವೂ ಅಲ್ಲ. ಅದರೊಳಗೆ ಅಡುಗೆ, ಮಲಗುವುದು, ಮಕ್ಕಳ ಓದು ಎಲ್ಲ ಆಗಬೇಕು. ಹತ್ತಿರದ ಮನೆಗಳಲ್ಲಿ ಮುಸುರೆ ತಿಕ್ಕಿ ಸಂಸಾರ ನಡೆಸುತ್ತಿದ್ದ ಹೆಂಗಸಿಗೆ ಬಸ್ ಚಾರ್ಜೇ ಸಂಬಳದ ಅರ್ಧ ನುಂಗಿದರೆ ಅವಳು ಕೆಲಸ ಬಿಡುತ್ತಾಳೆ. ಕೆಲಸ ಬಿಟ್ಟರೆ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಹಾಲು, ಆಮೇಲೆ ಮಗುವಿನ ಸ್ಕೂಲು, ಡಾಕ್ಟರ ಹತ್ತಿರ ಹೋಗುವುದು. ಸಾಮಾಜಿಕ ವೆಚ್ಚ ಆರೋಗ್ಯದ ವೆಚ್ಚವಾಗಿ ತಿರುಗುವುದು ಹೀಗೆ. ಕೂಟದ ದೆಸೆಯಿಂದ ದಿಲ್ಲಿಯಲ್ಲಿ ಒಕ್ಕಲೆದ್ದವರು ಕನಿಷ್ಠ 2 ಲಕ್ಷ ಜನ ಎಂದು ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ಅಂದಾಜು ಮಾಡಿದೆ.

ಇದೂ ಸಾಲದು ಅಂತ, ದಲಿತರ ಕಲ್ಯಾಣಕ್ಕೆ ಮೀಸಲಿಟ್ಟಿದ್ದ ದುಡ್ಡಿನಲ್ಲಿ ಸುಮಾರು 700 ಕೋಟಿ ರೂಪಾಯಿ ಕೂಟದ ಕಾಮಗಾರಿಗೆ ಹರಿದಿತ್ತು. ಹೀಗಾಗಿದ್ದು ತಪ್ಪು ಅಂತ ಆಗಿನ ಗೃಹಸಚಿವ ಪಿ. ಚಿದಂಬರಂ 2010ರ ಆಗಸ್ಟಿನಲ್ಲಿ ರಾಜ್ಯಸಭೆಯಲ್ಲೇ ಒಪ್ಪಿಕೊಂಡರು. ಆ ವರ್ಷ ದಿಲ್ಲಿಯಲ್ಲಿ 6 ಸಾವಿರಕ್ಕೂ ಹೆಚ್ಚು ಡೆಂಗಿ ಪ್ರಕರಣ ದಾಖಲಾದವು. ಮಳೆ ಜೋರಿತ್ತು, ನಿಜ. ಆದರೆ ಅರ್ಧ ಅಗೆದು ಬಿಟ್ಟ ಗುಂಡಿ, ನೀರು ನಿಂತ ಬೇಸ್‌ಮೆಂಟುಗಳು ಊರ ತುಂಬ ಇದ್ದರೆ ಸೊಳ್ಳೆಗೆ ಇನ್ನೇನು ಬೇಕು. ಕೊನೆಗೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ತನ್ನ ವರದಿಯಲ್ಲಿ ಕೊಟ್ಟ ಲೆಕ್ಕ 18,532 ಕೋಟಿ ರೂಪಾಯಿ. ಮೆಟ್ರೊ, ವಿಮಾನ ನಿಲ್ದಾಣದ ಖರ್ಚು ಅದರಲ್ಲಿ ಸೇರಿಲ್ಲ.

ದಿಲ್ಲಿ ಒಂದೇ ಕೆಟ್ಟದು ಅಂದುಕೊಳ್ಳಬೇಡಿ. 1988ರ ಒಲಿಂಪಿಕ್ಸ್‌ಗೆ ಮುಂಚೆ ಸೋಲ್‌ನಲ್ಲಿ 7.2 ಲಕ್ಷ ಜನ ಒಕ್ಕಲೆದ್ದರು ಎಂಬ ಅಂದಾಜಿದೆ. ರಿಯೊ ಡಿ ಜನೈರೊದಲ್ಲಿ ಒಲಿಂಪಿಕ್ ಪಾರ್ಕಿನ ಪಕ್ಕದ ವಿಲಾ ಔಟೊಡ್ರೊಮೊ ಬಡಾವಣೆಯಲ್ಲಿ ನೂರಾರು ಕುಟುಂಬಗಳಿದ್ದವು. ಹಟ ಹಿಡಿದು ಕೊನೆಗೂ ಅಲ್ಲೇ ಉಳಿದದ್ದು ಇಪ್ಪತ್ತೇ ಕುಟುಂಬ. ಮಾಂಟ್ರಿಯಲ್ ತನ್ನ 1976ರ ಒಲಿಂಪಿಕ್ಸ್ ಸಾಲ ತೀರಿಸಿದ್ದು 2006ರಲ್ಲಿ. ಅದಕ್ಕೆ ದುಡ್ಡು ಬಂದದ್ದು ಬಹುಪಾಲು ತಂಬಾಕಿನ ಮೇಲೆ ಹಾಕಿದ ವಿಶೇಷ ತೆರಿಗೆಯಿಂದ. ಮೂವತ್ತು ವರ್ಷ ಜನ ಬೀಡಿ ಸಿಗರೇಟು ಸೇದಿ ಕ್ರೀಡಾಂಗಣದ ಸಾಲ ತೀರಿಸಿದರು ಅಂದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಆಕ್ಸ್‌ಫರ್ಡ್‌ನ ಸಂಶೋಧಕರು 1960ರಿಂದೀಚಿನ ಒಲಿಂಪಿಕ್ಸ್‌ಗಳನ್ನು 2016ರಲ್ಲಿ ಲೆಕ್ಕ ಹಾಕಿ ನೋಡಿದರು. ಲೆಕ್ಕ ಸಿಕ್ಕ ಒಂದೂ ಬಜೆಟ್ಟಿನೊಳಗೆ ಮುಗಿದಿರಲಿಲ್ಲ. ಸರಾಸರಿ ಮಿತಿ ಮೀರಿದ್ದು ಶೇ 156ರಷ್ಟು.

ಕತಾರ್ ವಿಷಯ ನಮಗೆ ಇನ್ನೂ ಹತ್ತಿರದ್ದು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಗಲ್ಫ್ ದುಡ್ಡಿನಲ್ಲಿ. 2010ರಲ್ಲಿ ಫುಟ್‌ಬಾಲ್ ವಿಶ್ವಕಪ್ ಕತಾರಿಗೆ ಸಿಕ್ಕಿದ ಮೇಲಿನ ಹತ್ತು ವರ್ಷಗಳಲ್ಲಿ ದಕ್ಷಿಣ ಏಷ್ಯಾದ ಐದು ದೇಶಗಳ 6,500ಕ್ಕೂ ಹೆಚ್ಚು ವಲಸೆ ಕಾರ್ಮಿಕರು ಅಲ್ಲಿ ತೀರಿಕೊಂಡರು ಎಂದು ಗಾರ್ಡಿಯನ್ ಪತ್ರಿಕೆ 2021ರಲ್ಲಿ ಬರೆಯಿತು. ಈ ಅಂಕಿಯನ್ನು ಜನ ತಪ್ಪಾಗಿ ಬಳಸುತ್ತಾರೆ. ಅದು ಎಲ್ಲ ಕಾರಣದ ಸಾವುಗಳ ಲೆಕ್ಕ, ಕ್ರೀಡಾಂಗಣದಲ್ಲಿ ಸತ್ತವರದ್ದಲ್ಲ. ಸಂಘಟಕರ ಪ್ರಕಾರ ಕ್ರೀಡಾಂಗಣದ ಕೆಲಸದಲ್ಲೇ ಆದ ಸಾವು 3. ಅದೇ ಸಂಘಟನೆಯ ಮುಖ್ಯಸ್ಥ ಹಸನ್ ಅಲ್ ಥವಾಡಿ 2022ರ ನವೆಂಬರಿನಲ್ಲಿ ಟಿವಿ ಸಂದರ್ಶನವೊಂದರಲ್ಲಿ, ಕೂಟಕ್ಕೆ ಸಂಬಂಧಿಸಿದ ಎಲ್ಲ ಕಾಮಗಾರಿ ಸೇರಿಸಿದರೆ 400ರಿಂದ 500 ಇರಬಹುದು ಅಂದರು. ಮೂರಕ್ಕೂ ಐನೂರಕ್ಕೂ ನಡುವೆ ಇಷ್ಟು ಅಂತರ ಯಾಕೆ? ಬಿಸಿಲಲ್ಲಿ ದುಡಿದು ರಾತ್ರಿ ಮಲಗಿದವನು ಬೆಳಿಗ್ಗೆ ಏಳದಿದ್ದರೆ ಸರ್ಟಿಫಿಕೇಟಿನಲ್ಲಿ ಸಹಜ ಸಾವು ಅಂತಲೋ ಹೃದಯ ನಿಂತಿತು ಅಂತಲೋ ಬರೆದು ಮುಗಿಸುತ್ತಿದ್ದರು. ಹೆಚ್ಚಿನವರಿಗೆ ಮರಣೋತ್ತರ ಪರೀಕ್ಷೆ ಇಲ್ಲ.

ಹಾಗಂತ ಹೊಸದಾಗಿ ಕಟ್ಟಿದರೆ ಸಾವು ಕಟ್ಟಿಟ್ಟ ಬುತ್ತಿ ಅಂತಲೂ ಅಲ್ಲ. 2012ರ ಲಂಡನ್ ಒಲಿಂಪಿಕ್ ಪಾರ್ಕ್ ಕಟ್ಟುವಾಗ ಕೆಲಸದ ಜಾಗದಲ್ಲಿ ಒಬ್ಬರೂ ಸಾಯಲಿಲ್ಲ. ಸೈಟಿನಲ್ಲೇ ಕಾರ್ಮಿಕರಿಗೆ ಕ್ಲಿನಿಕ್ ಇತ್ತು. ಕಾರ್ಖಾನೆಗಳಿಂದ ವಿಷವಾಗಿದ್ದ ಮಣ್ಣನ್ನು ತೊಳೆದು ಪಾರ್ಕ್ ಮಾಡಿದರು. ಆ ಜಾಗಕ್ಕಾಗಿ ಕ್ಲೇಸ್ ಲೇನ್ ಎಂಬ ವಸತಿ ಸಮುಚ್ಚಯದ ನಾನೂರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು ಅನ್ನುವುದೂ ನಿಜ. ದುಡ್ಡು, ಕಾನೂನು, ಸಮಯ ಮೂರೂ ಇದ್ದ ಊರಿನ ಲೆಕ್ಕ ಇದು.

ಎರಡನೇ ದಾರಿ: ಇರುವುದರಲ್ಲೇ ನಡೆಸುವುದು

2026ರ ಕಾಮನ್‌ವೆಲ್ತ್‌ಗೆ ಗ್ಲಾಸ್ಗೋ ಹಾಕಿಕೊಂಡ ಯೋಜನೆ ನೋಡಿ. ಹತ್ತೇ ಕ್ರೀಡೆ, ನಾಲ್ಕೇ ಜಾಗ, ಎಲ್ಲ ಮೊದಲೇ ಇದ್ದವು. ಹೊಸ ಕ್ರೀಡಾಗ್ರಾಮ ಇಲ್ಲ. ಆಟಗಾರರು ಹೋಟೆಲು, ಹಾಸ್ಟೆಲುಗಳಲ್ಲಿ ಉಳಿಯಬೇಕು. ಹಾಕಿ ಇಲ್ಲ, ಬ್ಯಾಡ್ಮಿಂಟನ್ ಇಲ್ಲ, ಕುಸ್ತಿ ಇಲ್ಲ ಅಂತ ನಮ್ಮವರು ಬೇಜಾರು ಮಾಡಿಕೊಂಡರು, ಪದಕ ಕಡಿಮೆಯಾಗುತ್ತದೆ ಅಂತ. ಆ ಬೇಜಾರು ನಿಜವಾದದ್ದೇ. ಆದರೆ ಯಾರ ಮನೆಯನ್ನೂ ಕೆಡವದೆ ಕೂಟ ನಡೆಸುವ ಬೆಲೆ ಅದು. ನನಗೇನೋ ಅಗ್ಗ ಅನ್ನಿಸುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್ ಇದೇ ದಾರಿಯ ದೊಡ್ಡ ರೂಪ. ಶೇ 95ರಷ್ಟು ಜಾಗಗಳು ಇದ್ದವು ಇಲ್ಲವೇ ತಾತ್ಕಾಲಿಕ. ಸೇನ್ ನದಿಯ ಕೊಳಚೆ ಕಡಿಮೆ ಮಾಡಲು ಸುಮಾರು 140 ಕೋಟಿ ಯೂರೊ ಸುರಿದರು. ಮರು ವರ್ಷ, 2025ರ ಜುಲೈಯಲ್ಲಿ, ನೂರು ವರ್ಷದಿಂದ ಈಜು ನಿಷೇಧವಾಗಿದ್ದ ನದಿಗೆ ಸಾಮಾನ್ಯ ಜನ ಇಳಿದರು. ಊರಿನವರ ಆರೋಗ್ಯಕ್ಕೆ ಉಳಿದುಕೊಳ್ಳುವ ಲಾಭ ಅಂದರೆ ಇಂಥದ್ದು. ಆದರೆ ಈ ದಾರಿಯೂ ಪೂರ್ತಿ ಚೊಕ್ಕ ಅಲ್ಲ. ಆಟಕ್ಕೆ ಮುಂಚಿನ ಒಂದು ವರ್ಷದಲ್ಲಿ ಪ್ಯಾರಿಸ್ ಮತ್ತು ಸುತ್ತಲಿನ ಪ್ರದೇಶದಿಂದ 12 ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಕಳಿಸಲಾಯಿತು ಎಂದು ಅಲ್ಲಿನ ಸಂಘಟನೆಗಳ ಒಕ್ಕೂಟ ದಾಖಲಿಸಿದೆ. ಫುಟ್‌ಪಾತಿನ ಟೆಂಟುಗಳಲ್ಲಿ, ಖಾಲಿ ಕಟ್ಟಡಗಳಲ್ಲಿ ಇದ್ದ ವಲಸಿಗರು ಅವರಲ್ಲಿ ಬಹಳ. ದಿಲ್ಲಿಯಲ್ಲಿ ಭಿಕ್ಷುಕರನ್ನು ಹಿಡಿದು ಸಾಗಿಸಿ, ಕೊಳೆಗೇರಿ ಕಾಣದಂತೆ ಬಿದಿರಿನ ತಡಿಕೆ ಕಟ್ಟಲು ಹೊರಟಿದ್ದು ಇದೇ ಮನಸ್ಸಿನಿಂದ. ಕಟ್ಟಡ ಕಡಿಮೆ ಮಾಡಬಹುದು. ಅತಿಥಿ ಬಂದಾಗ ಬಡವರನ್ನು ಮರೆ ಮಾಡುವ ಚಟ ಬಿಡಿಸುವುದು ಕಷ್ಟ.

ನಮ್ಮಲ್ಲೂ ಮಧ್ಯಮ ಗಾತ್ರದ ಒಂದು ಉದಾಹರಣೆ ಇದೆ. 1997ರ ರಾಷ್ಟ್ರೀಯ ಕ್ರೀಡಾಕೂಟ ಬೆಂಗಳೂರು, ಮೈಸೂರುಗಳಲ್ಲಿ ನಡೆಯಿತು. ಕೋರಮಂಗಲದಲ್ಲಿ ಆಟಗಾರರಿಗೆ ಕಟ್ಟಿದ ಫ್ಲ್ಯಾಟುಗಳು ಆಮೇಲೆ ಸಂಸಾರಗಳ ಮನೆಯಾದವು. ನ್ಯಾಷನಲ್ ಗೇಮ್ಸ್ ವಿಲೇಜ್ ಅಂತ ಇವತ್ತಿಗೂ ಅದೇ ಹೆಸರು. ಅದರ ಹತ್ತಿರದ ಒಳಾಂಗಣ ಕ್ರೀಡಾಂಗಣ ಈಗಲೂ ಬಳಕೆಯಲ್ಲಿದೆ. ದೊಡ್ಡ ಕೂಟವಲ್ಲ, ಜಗತ್ತು ನೋಡಲಿಲ್ಲ, ಆದರೆ ಕಟ್ಟಿದ್ದು ಪಾಳು ಬೀಳಲಿಲ್ಲ. 2004ರ ಒಲಿಂಪಿಕ್ಸ್ ಮುಗಿದ ಮೇಲೆ ಅಥೆನ್ಸ್‌ನಲ್ಲಿ ಹುಲ್ಲು ಬೆಳೆದು ನಿಂತ ಕ್ರೀಡಾಂಗಣಗಳ ಫೋಟೊ ನೋಡಿದವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ.

ಮೂರನೇ ದಾರಿ: ಬೇಡ ಅನ್ನುವುದು

ಇದರಲ್ಲಿ ಹೇಳಲು ಜಾಸ್ತಿ ಇಲ್ಲ. ಬೇಗ ಬೇಡ ಅಂದರೆ ಹೆಚ್ಚುಕಡಿಮೆ ಪುಕ್ಕಟೆ, ತಡವಾಗಿ ಅಂದರೆ ದುಬಾರಿ. ಒಲಿಂಪಿಕ್ಸ್ ಬೇಕೋ ಬೇಡವೋ ಅಂತ ಜರ್ಮನಿಯ ಹ್ಯಾಂಬರ್ಗ್ 2015ರಲ್ಲಿ, ಕೆನಡಾದ ಕ್ಯಾಲ್ಗರಿ 2018ರಲ್ಲಿ ಜನರನ್ನೇ ಓಟು ಹಾಕಿ ಅಂತ ಕೇಳಿದವು. ಎರಡೂ ಕಡೆ ಬಹುಮತ ಬೇಡ ಅಂತ ಬಂತು, ಅಲ್ಲಿಗೆ ಮುಗಿಯಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2026ರ ಕಾಮನ್‌ವೆಲ್ತ್ ಒಪ್ಪಿಕೊಂಡು 2023ರ ಜುಲೈಯಲ್ಲಿ ಕೈಬಿಟ್ಟಿತು. 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಅಂದುಕೊಂಡಿದ್ದು 600 ಕೋಟಿ ದಾಟುತ್ತದೆ ಅಂತ ಸರ್ಕಾರ ಕಾರಣ ಕೊಟ್ಟಿತು. ಬಿಟ್ಟಿದ್ದಕ್ಕೆ ದಂಡದ ಹಾಗೆ 38 ಕೋಟಿ ಡಾಲರ್ ಪರಿಹಾರ ಕಟ್ಟಿತು. ಆಟವೂ ಇಲ್ಲ, ದುಡ್ಡೂ ಹೋಯಿತು. ಆದರೂ ಉಳಿದ ದುಡ್ಡು ಲೆಕ್ಕ ಹಾಕಿದರೆ ಅದು ಕೆಟ್ಟ ನಿರ್ಧಾರ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನು ಒಪ್ಪಿಕೊಂಡ ಕೂಟವನ್ನು ಬೇರೆ ಕಡೆ ಸಾಗಿಸುವುದೂ ಇದೆ. 2016ರಲ್ಲಿ ಮಹಾರಾಷ್ಟ್ರದಲ್ಲಿ ಬರ ಇದ್ದಾಗ, ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ರಾಜ್ಯದ ಹೊರಗೆ ನಡೆಸಿ ಎಂದು ಬಾಂಬೆ ಹೈಕೋರ್ಟ್ ಆದೇಶಿಸಿತು. ಮುಂಬೈಯಲ್ಲಿ ಆಗಬೇಕಿದ್ದ ಫೈನಲ್ ಹಾಗೆ ಬೆಂಗಳೂರಿಗೆ ಬಂತು. ಕುಡಿಯುವ ನೀರಾ, ಪಿಚ್ಚಿಗೆ ನೀರಾ ಅಂತ ಒಂದು ಕೋರ್ಟು ಬಾಯಿಬಿಟ್ಟು ಕೇಳಿದ್ದು ದೊಡ್ಡ ಮಾತು.

ಯಾವ ದಾರಿ ಹಿಡಿದರೂ ತಪ್ಪದ್ದು

ಕಟ್ಟಡ ಕಟ್ಟದೆ ನಡೆಸಿದರೂ ಕೆಲವು ಖರ್ಚು ಬಂದೇ ಬರುತ್ತವೆ. 2006ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಜರ್ಮನಿ ಆಡಿದ ದಿನಗಳಂದು ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟು ಆದವು. ಇಂಗ್ಲೆಂಡಿನ ಲಂಕಾಶೈರ್ ಪೊಲೀಸರ ದಾಖಲೆ ಜಾಲಾಡಿದ ಅಧ್ಯಯನವೊಂದು ಇನ್ನೂ ಕಸಿವಿಸಿ ಮಾಡುತ್ತದೆ. ಮೂರು ವಿಶ್ವಕಪ್‌ಗಳಲ್ಲಿ ಇಂಗ್ಲೆಂಡ್ ಗೆದ್ದ ಇಲ್ಲವೇ ಡ್ರಾ ಮಾಡಿದ ದಿನ ಮನೆಯೊಳಗಿನ ಹಿಂಸೆಯ ದೂರು ಶೇ 26 ಜಾಸ್ತಿ, ಸೋತ ದಿನ ಶೇ 38 ಜಾಸ್ತಿ. ಗೆದ್ದರೂ ಹೊಡೆತ, ಸೋತರೂ ಹೊಡೆತ. ಇದು ಆಟ ನಡೆಸುವ ಊರಿಗಷ್ಟೇ ಅಲ್ಲ, ಟಿವಿ ಇರುವ ಎಲ್ಲ ಊರಿಗೂ ಸೇರಿದ್ದು. ಸಹಾಯವಾಣಿಗೆ, ತುರ್ತು ವಾರ್ಡಿಗೆ ಆ ದಿನಗಳಲ್ಲಿ ಜನ ಹೆಚ್ಚು ಬೇಕು ಅಂತ ಮೊದಲೇ ಗೊತ್ತಿದ್ದರೆ ವ್ಯವಸ್ಥೆ ಮಾಡಿಕೊಳ್ಳಬಹುದು. ಸೋಂಕುಗಳದ್ದೂ ಹಾಗೇ. 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್ ಹಿಂದೆಯೇ ಆ ಪ್ರಾಂತ್ಯದಲ್ಲಿ 82 ದಡಾರ ಪ್ರಕರಣ ಬಂದವು.

ಜನಜಂಗುಳಿಯ ಬಗ್ಗೆ ಬೆಂಗಳೂರಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಐಪಿಎಲ್ ಗೆಲುವಿನ ಸಂಭ್ರಮಕ್ಕೆ ಬಂದವರಲ್ಲಿ 11 ಮಂದಿ ಕಾಲ್ತುಳಿತದಲ್ಲಿ ಸತ್ತರು. ಕ್ರೀಡಾಂಗಣ ಹೊಸದಾಗಿರಲಿ ಹಳೆಯದಾಗಿರಲಿ, ಗೇಟು ಯಾವುದು, ಆಂಬುಲೆನ್ಸ್ ಎಲ್ಲಿಂದ ನುಗ್ಗಬೇಕು, ಜನ ಜಾಸ್ತಿಯಾದರೆ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಯಾರಿಗೆ ಅನ್ನುವುದು ಮೊದಲೇ ಬರೆದಿರಬೇಕು.

ಒಳ್ಳೆಯದೂ ಇದೆ, ಬಿಡಬಾರದು. 2008ರಲ್ಲಿ ಒಲಿಂಪಿಕ್ಸ್‌ಗಾಗಿ ಬೀಜಿಂಗ್ ಕಾರ್ಖಾನೆ ಮುಚ್ಚಿಸಿ, ಕಾರುಗಳನ್ನು ಅರ್ಧಕ್ಕೆ ಇಳಿಸಿದಾಗ ಗಾಳಿ ತಿಳಿಯಾಯಿತು. ಆ ದಿನಗಳಲ್ಲಿ ಎಂಟನೇ ತಿಂಗಳ ಬಸಿರಿಯಾಗಿದ್ದ ತಾಯಂದಿರ ಮಕ್ಕಳ ಹುಟ್ಟುವಾಗಿನ ತೂಕ ಸರಾಸರಿ 23 ಗ್ರಾಂ ಹೆಚ್ಚಿತ್ತು. ಆಟ ಮುಗಿದು ನಿರ್ಬಂಧ ತೆಗೆದ ಮೇಲೆ ಗಾಳಿ ಮತ್ತೆ ಕೆಟ್ಟಿತು. ಗಾಳಿ ಸರಿ ಮಾಡಲು ಒಲಿಂಪಿಕ್ಸೇ ಯಾಕೆ ಬೇಕು ಅನ್ನುವುದು ನನ್ನ ಪ್ರಶ್ನೆ. ಇನ್ನು, ಕೂಟ ನೋಡಿ ಊರಿನ ಮಕ್ಕಳೆಲ್ಲ ಆಟಕ್ಕಿಳಿಯುತ್ತಾರೆ ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಪೂರ್ವ ಲಂಡನ್ನಿನ ಹದಿಹರೆಯದವರನ್ನು ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ ಅವರ ಓಡಾಟ, ವ್ಯಾಯಾಮ ಏನೂ ಹೆಚ್ಚಿರಲಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು?

ನಿಮ್ಮ ಊರಲ್ಲಿ ಮೈದಾನ, ಹಾಸ್ಟೆಲು, ಬಸ್ಸು, ಆಸ್ಪತ್ರೆ ಮೊದಲೇ ಇದ್ದು, ಕಟ್ಟಬೇಕಾದ್ದು ಒಂದೆರಡೇ ಆದರೆ ಎರಡನೇ ದಾರಿ ಹಿಡಿಯಬಹುದು. ಹೇಗೂ ಮೆಟ್ರೊ, ಒಳಚರಂಡಿ, ಮನೆಗಳು ಬೇಕಾಗಿದ್ದು ಆ ಯೋಜನೆಗಳು ಕೂಟ ಬಂದರೂ ಬಾರದಿದ್ದರೂ ನಡೆಯುವಂಥವು ಅಂದರೆ ಮೊದಲ ದಾರಿಯನ್ನೂ ಯೋಚಿಸಬಹುದು. ಕೈಯಲ್ಲಿ ಕನಿಷ್ಠ ಏಳೆಂಟು ವರ್ಷ ಇದ್ದರೆ ಮಾತ್ರ. ಅಹಮದಾಬಾದಿಗೆ ಇರುವುದು ಅದಕ್ಕಿಂತ ಕಡಿಮೆ. ಮೊಟೇರಾದಲ್ಲಿ 1.32 ಲಕ್ಷ ಜನ ಕೂರುವ ಕ್ರಿಕೆಟ್ ಕ್ರೀಡಾಂಗಣವೇನೋ ಇದೆ, ಆದರೆ ಸುತ್ತ ಏಳಬೇಕಾದ್ದು ಬಹಳ. ಅಲ್ಲಿನವರು ಎಚ್ಚರವಾಗಿರಬೇಕಾದ ಜಾಗ ಅದೇ.

ಒಪ್ಪುವ ಮುಂಚೆ ಬರಹದಲ್ಲಿ ಕೇಳಬೇಕಾದ್ದು ಕೆಲವಿವೆ. ಯಾವ ಬಡಾವಣೆಯ ಎಷ್ಟು ಮನೆ ಹೋಗುತ್ತದೆ, ಬದಲಿ ಮನೆ ಈಗಿನ ಕೆಲಸದ ಜಾಗದಿಂದ ಎಷ್ಟು ಕಿಲೋಮೀಟರ್, ಕೀಲಿಕೈ ಕೊಡುವುದು ಕೆಡವುವ ಮುಂಚೆಯೋ ಆಮೇಲೋ. ಕಾರ್ಮಿಕರ ಕೂಲಿ ನೇರ ಅವರ ಖಾತೆಗೇ ಬರುತ್ತದಾ, ನಡುವೆ ಮೇಸ್ತ್ರಿಯ ಕೈ ಇದೆಯಾ. ಸಾವು, ಗಾಯಗಳ ಲೆಕ್ಕ ತಿಂಗಳು ತಿಂಗಳು ಪ್ರಕಟ ಮಾಡುತ್ತಾರಾ, ಬೇಸಿಗೆಯಲ್ಲಿ ಮಧ್ಯಾಹ್ನದ ಕೆಲಸ ನಿಲ್ಲಿಸುತ್ತಾರಾ. ಖರ್ಚು ಹೆಚ್ಚಾದರೆ ಯಾವ ಇಲಾಖೆಯ ದುಡ್ಡು ಕಡಿಯುತ್ತಾರೆ. ಕೊನೆಯ ಪ್ರಶ್ನೆಗೆ ಉತ್ತರ ಸಿಗುವುದೇ ಕಷ್ಟ, ಅದಕ್ಕೇ ಅದನ್ನು ಬಿಡದೆ ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ದಿಲ್ಲಿಯಲ್ಲಿ ದಲಿತರ ದುಡ್ಡು ಎಲ್ಲಿ ಹೋಯಿತು ಅಂತ ಹೊರಬಿದ್ದದ್ದೂ ಅಂಥ ಅರ್ಜಿಯಿಂದಲೇ, ಆದರೆ ಆಗ ದುಡ್ಡು ಖರ್ಚಾಗಿ ಹೋಗಿತ್ತು. ನೀವು ಟೆಂಡರ್ ಕರೆಯುವ ಮುಂಚೆಯೇ ಹಾಕಿ.